ದನಿ ಹಾಯುವ ದಾರಿ

ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತೋತ್ಸವಕ್ಕೆ ಹೋದವರ ಕಿವಿಗೆ ಹಾಡಿಗಿಂತ ಮೊದಲು ಬೀಳುವುದು ತಂಬೂರಿ. ಹಾಡುವವರ ಹಿಂದೆ ಕೂತ ಶಿಷ್ಯರು ತಂತಿಗೂ ಘೋಡಿಗೂ ನಡುವೆ ಹತ್ತಿಯ ಎಳೆಯೊಂದನ್ನು ತೂರಿಸಿ, ಅದನ್ನು ಇಷ್ಟಿಷ್ಟೇ ಹಿಂದೆ ಮುಂದೆ ಸರಿಸುತ್ತಾರೆ. ಎಳೆ ಸರಿಯಾದ ಜಾಗಕ್ಕೆ ಬರುವತನಕ ತಂತಿ ಒಣದನಿ ಕೊಟ್ಟು ಸುಮ್ಮನಾಗುತ್ತದೆ. ಜಾಗಕ್ಕೆ ಬಂದದ್ದೇ ತಡ, ದನಿ ಬಿಚ್ಚಿಕೊಳ್ಳುತ್ತದೆ. ಒಂದೇ ಮೀಟಿಗೆ ಝೇಂಕಾರ ಎದ್ದು ಒಂದು ಸ್ವರದ ಒಡಲಿಂದ ಇನ್ನೊಂದು, ಅದರಿಂದ ಮತ್ತೊಂದು ಹೊಮ್ಮುತ್ತವೆ. ‘ಜವಾರಿ ಕೂಡ್ತು ನೋಡ್ರಿ’ ಅನ್ನುತ್ತಾರೆ ಬಲ್ಲವರು.

ಕುಂದಗೋಳ ಹಿಂದೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಊರು. ಉಸ್ತಾದ್ ಅಬ್ದುಲ್ ಕರೀಂ ಖಾನರು ಸವಾಯಿ ಗಂಧರ್ವರಿಗೆ (1886–1952) ಪಾಠ ಹೇಳಿದ್ದು ಈ ವಾಡೆಯಲ್ಲಿ. ಮುಂದೆ ಬಾಲಕ ಭೀಮಸೇನ ಜೋಶಿ ಸವಾಯಿ ಗಂಧರ್ವರ ಮನೆಯಲ್ಲಿದ್ದು ಕಲಿತರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಈ ಕತೆಯನ್ನು ಸಂಗೀತದವರು ನೂರು ಸಲ ಬರೆದಿದ್ದಾರೆ. ಅದೇ ಹಾಡಿಕೆ ತಂತಿ, ಮರ, ಬುರುಡೆ, ಗಾಳಿ, ಗೋಡೆಗಳನ್ನು ದಾಟಿ ನಮ್ಮ ಕಿವಿಗೆ ಹೇಗೆ ಬಂತು ಎಂಬುದು ಅಷ್ಟೇ ದೊಡ್ಡ ಕತೆ. ಅದನ್ನು ಹೇಳಿದವರು ಕಡಿಮೆ.

ತಂಬೂರಿಯ ತಂತಿಯನ್ನು ಬಿಚ್ಚಿ ಗೋಡೆಯ ಎರಡು ಮೊಳೆಗಳ ನಡುವೆ ಬಿಗಿದು ಮೀಟಿ ನೋಡಿ. ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳುವುದಿಲ್ಲ. ತಂತಿ ಅಷ್ಟು ತೆಳ್ಳಗಿದೆ ಎಂದರೆ ಅದು ಅಲುಗಿದಾಗ ಗಾಳಿ ಅದರ ಅಕ್ಕಪಕ್ಕದಿಂದ ಜಾರಿಹೋಗುತ್ತದೆ, ಅಲೆಯಾಗಿ ಏಳುವುದಿಲ್ಲ. ಅದೇ ನಡುಕ ಘೋಡಿಯ ಮೂಲಕ ಮರದ ತಬಲಿಗೆ ಇಳಿದು, ಅಲ್ಲಿಂದ ದೊಡ್ಡ ಸೋರೆ ಬುರುಡೆಗೆ ಹಬ್ಬಿದಾಗ ಅಷ್ಟಗಲದ ಮೈ ಒಟ್ಟಿಗೇ ನಡುಗಿ ಗಾಳಿಯನ್ನು ನೂಕುತ್ತದೆ. ಮಿರಜಿನ ತಂಬೂರಿ ಮಾಡುವವರು ಬುರುಡೆಯನ್ನು ಆರಿಸುವಾಗ, ಒಣಗಿಸುವಾಗ, ತಬಲಿಯನ್ನು ಹೆರೆದು ತೆಳ್ಳಗೆ ಮಾಡುವಾಗ ಬೆರಳಿಂದ ತಟ್ಟಿ ತಟ್ಟಿ ಕಿವಿಗೊಡುವುದು ಇದಕ್ಕೇ. ಆ ಹತ್ತಿಯ ಎಳೆಯ ಕೆಲಸವನ್ನು ಮೊದಲು ಭೌತಶಾಸ್ತ್ರದ ಕಣ್ಣಿಂದ ನೋಡಿದವರು ಸಿ.ವಿ. ರಾಮನ್. ತಂಬೂರಿ ಮತ್ತು ವೀಣೆಯ ಘೋಡಿ ಬಾಗಿರುವುದರಿಂದ, ತಂತಿ ಅದರ ಮೈಗೆ ಸವರಿಕೊಂಡು ಅಲುಗುವುದರಿಂದ, ಪಾಶ್ಚಾತ್ಯ ಶಾಸ್ತ್ರದ ನಿಯಮದಂತೆ ಹುಟ್ಟಲೇಬಾರದ ಮೇಲುಸ್ವರಗಳೂ ಈ ವಾದ್ಯಗಳಲ್ಲಿ ಹುಟ್ಟುತ್ತವೆ ಎಂದು ಅವರು 1921ರ ಪ್ರಬಂಧದಲ್ಲಿ ತೋರಿಸಿದರು. ನೊಬೆಲ್ ಬಹುಮಾನ ಬಂದದ್ದು ಬೆಳಕಿನ ಕೆಲಸಕ್ಕಾದರೂ ರಾಮನ್ನರ ಕಿವಿ ನಮ್ಮ ವಾದ್ಯಗಳ ಕಡೆಗೆ ಮೊದಲಿನಿಂದಲೂ ತೆರೆದೇ ಇತ್ತು. ಮೃದಂಗ, ತಬಲಾಗಳ ಕರಿ ಬೊಟ್ಟಿನ ಬಗ್ಗೆ 1920ರಲ್ಲೇ ಬರೆದಿದ್ದರು.

ದನಿಗೆ ತನ್ನದೇ ಕಾಲಿಲ್ಲ. ಜಾತ್ರೆಯಲ್ಲಿ ತೇರಿನ ಹಿಂದೆ ಒತ್ತಾಗಿ ನಿಂತ ಜನರಲ್ಲಿ ಕೊನೆಯವನು ಮುಂದಿನವನ ಬೆನ್ನಿಗೆ ಆತರೆ ಆ ನೂಕು ಒಬ್ಬರಿಂದೊಬ್ಬರಿಗೆ ದಾಟಿ ತೇರಿನ ಮಿಣಿಯತನಕ ಮುಟ್ಟುತ್ತದಲ್ಲ, ದನಿ ಹಾಯುವುದೂ ಹಾಗೆಯೇ. ನೂಕು ಮುಂದೆ ಹೋಗುತ್ತದೆ, ಕಣಗಳು ನಿಂತಲ್ಲೇ ತುಸು ಅಲುಗಿ ಮರಳುತ್ತವೆ. ಗಾಳಿಯ ಕಣಗಳು ದೂರ ದೂರ, ಅಲ್ಲಿ ದನಿಯ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 343 ಮೀಟರ್. ನೀರಿನಲ್ಲಿ ಸುಮಾರು 1,480 ಮೀಟರ್. ಉಕ್ಕಿನ ಸರಳಿನಲ್ಲಿ 5,000 ಮೀಟರಿಗೂ ಮೇಲು. ಹೆಚ್ಚು ಭಾರದ ವಸ್ತುವಿನಲ್ಲಿ ದನಿ ಹೆಚ್ಚು ಜೋರಾಗಿ ಓಡುತ್ತದೆ ಎಂದು ಶಾಲೆಯಲ್ಲಿ ಅನೇಕರು ಕಲಿತಿರುತ್ತಾರೆ. ಅದು ಸರಿಯಲ್ಲ. ಸೀಸ ಕಬ್ಬಿಣಕ್ಕಿಂತ ಭಾರ. ಆದರೆ ಸೀಸದ ಸರಳಿನಲ್ಲಿ ದನಿ ಕಬ್ಬಿಣದ ಕಾಲು ಭಾಗದ ವೇಗದಲ್ಲೂ ಹೋಗುವುದಿಲ್ಲ. ವಸ್ತು ಎಷ್ಟು ಬಿಗಿ, ಒತ್ತಿದರೆ ಎಷ್ಟು ಬೇಗ ಮೊದಲಿನಂತಾಗುತ್ತದೆ ಎಂಬುದೇ ವೇಗವನ್ನು ಏರಿಸುತ್ತದೆ. ಭಾರ ಅದನ್ನು ಇಳಿಸುತ್ತದೆ. ಫ್ರಾನ್ಸಿನ ಬಿಯೋ ಎಂಬ ವಿಜ್ಞಾನಿ 1808ರಲ್ಲಿ ಪ್ಯಾರಿಸ್ಸಿನ 951 ಮೀಟರ್ ಉದ್ದದ ಬೀಡುಕಬ್ಬಿಣದ ನೀರಿನ ಕೊಳವೆಯ ಒಂದು ತುದಿಗೆ ಹೊಡೆಸಿ ಇನ್ನೊಂದು ತುದಿಯಲ್ಲಿ ಆಲಿಸಿದಾಗ ಎರಡು ಸಲ ಸದ್ದು ಕೇಳಿಸಿತು. ಮೊದಲನೆಯದು ಕಬ್ಬಿಣದ ಮೈಯಲ್ಲಿ ಬಂದದ್ದು. ಕೊಳವೆಯೊಳಗಿನ ಗಾಳಿಯ ಸದ್ದು ಅದಾದ ಎರಡೂವರೆ ಸೆಕೆಂಡಿನ ಮೇಲೆ ಬಂತು.

ವೇಗಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಒಂದು ವಸ್ತುವಿನಿಂದ ತೀರ ಬೇರೆ ಗುಣದ ಇನ್ನೊಂದಕ್ಕೆ ದಾಟುವಾಗ ದನಿಯ ಬಹುಪಾಲು ಗಡಿಯಲ್ಲೇ ಮರಳಿಬಿಡುತ್ತದೆ. ಗಾಳಿಯಿಂದ ನೀರಿಗೆ ನೆಟ್ಟಗೆ ಬಿದ್ದ ದನಿಯ ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗೆ ಇಳಿಯುತ್ತದೆ. ನವಲಗುಂದದ ನೀಲಮ್ಮನ ಕೆರೆಯಂಥ ಕೆರೆಯ ದಂಡೆಯ ಮೇಲೆ ನಿಂತು ಎಷ್ಟು ಕೂಗಿದರೂ ಮುಳುಗಿದ ಹುಡುಗನಿಗೆ ಕೇಳದಿರುವುದು ಇದರಿಂದ. ಅವನ ಜೊತೆಗಾರ ನೀರೊಳಗೇ ಎರಡು ಕಲ್ಲು ಕುಟ್ಟಿದರೆ ಮಾತ್ರ ತಲೆಯೊಳಗೇ ಕುಟ್ಟಿದಂತೆ ಕೇಳುತ್ತದೆ, ಎತ್ತ ಕಡೆಯಿಂದ ಬಂತೆಂದು ತಿಳಿಯುವುದೇ ಇಲ್ಲ. ದನಿ ನಾಲ್ಕು ಪಟ್ಟು ವೇಗದಲ್ಲಿ ಬರುವುದರಿಂದ ಎರಡು ಕಿವಿಗಳಿಗೆ ಅದು ಮುಟ್ಟುವ ಹೊತ್ತಿನ ಅಂತರ ಲೆಕ್ಕಕ್ಕೆ ಸಿಗದಷ್ಟು ಸಣ್ಣದಾಗುತ್ತದೆ. ಜೊತೆಗೆ ತಲೆಬುರುಡೆಯೂ ದನಿಯನ್ನು ನೇರವಾಗಿ ಒಳಕಿವಿಗೆ ಒಯ್ಯುತ್ತದೆ.

ಈ ಗಡಿಯ ಲೆಕ್ಕ ನಮ್ಮ ಮೆಕ್ಯಾನಿಕ್‌ಗಳಿಗೆ ಕರತಲಾಮಲಕ. ಪಂಪ್‌ಸೆಟ್ಟಿನ ಮೋಟಾರು ಕರಕರ ಎನ್ನಲು ಶುರುವಾದರೆ ಅವರು ಉದ್ದನೆಯ ಸ್ಕ್ರೂಡ್ರೈವರ್ ತೆಗೆದು ತುದಿಯನ್ನು ಬೇರಿಂಗಿನ ಮನೆಗೆ ಒತ್ತುತ್ತಾರೆ, ಹಿಡಿಕೆಯನ್ನು ಕಿವಿಯ ಮುಂದಿನ ಎಲುಬಿಗೆ ಆನಿಸುತ್ತಾರೆ. ಕಬ್ಬಿಣದಿಂದ ಕಬ್ಬಿಣಕ್ಕೆ, ಅಲ್ಲಿಂದ ಎಲುಬಿಗೆ. ನಡುವೆ ಗಾಳಿಗೆ ಅವಕಾಶವೇ ಕೊಡುವುದಿಲ್ಲ. ಹೊರಗೆ ಎಲ್ಲ ಗದ್ದಲವೂ ಒಂದಾಗಿ ಕೇಳುವಾಗ ಒಳಗೆ ಯಾವ ಗುಂಡು ಸವೆದಿದೆ, ಮುಂದಿನ ಬೇರಿಂಗೋ ಹಿಂದಿನದೋ ಎಂಬುದು ಅವರಿಗೆ ಬೇರೆ ಬೇರೆಯಾಗಿ ಸಿಗುತ್ತದೆ. ‘ಹಿಂದಿಂದ ಹೋಗೇತ್ರಿ, ಬಿಚ್ಚೂಣು’ ಎಂದು ಹೇಳಿ ಬಿಚ್ಚಿದರೆ ಹಿಂದಿನದೇ ಹೋಗಿರುತ್ತದೆ. ಇದು ವೈದ್ಯರ ಸ್ಟೆತಾಸ್ಕೋಪಿನ ವಿದ್ಯೆಯೇ. ಯಾವ ಕಾಲೇಜೂ ಕಲಿಸದೆ ಹೊಲದ ಬದುವಿನಲ್ಲಿ ಬೆಳೆದ ಈ ಜಾಣತನವನ್ನು ನಾವು ಗೌರವದಿಂದ ನೋಡಬೇಕು.

ಇನ್ನು ಹೊಲಕ್ಕೆ ಬರೋಣ. ನವಲಗುಂದ, ಅಣ್ಣಿಗೇರಿ ಎಂದರೆ ಕಣ್ಣು ಹಾಯುವತನಕ ಎರೆಭೂಮಿ. ಗುಡ್ಡವಿಲ್ಲ, ಅಡವಿ ಇಲ್ಲ, ದನಿಗೆ ಅಡ್ಡ ಬರುವುದು ಏನೂ ಇಲ್ಲ. ಆದರೂ ಮಟಮಟ ಮಧ್ಯಾಹ್ನ ನಾಲ್ಕು ಹೊಲದಾಚೆಯವರನ್ನು ಕೂಗಿದರೆ ಕೇಳದು. ಅದೇ ಜೋಳ ಕಾಯುವ ಚಳಿಗಾಲದ ರಾತ್ರಿ ದೂರದ ಹಳಿಯ ಮೇಲೆ ಗದಗಿನ ಕಡೆಗೆ ಹೋಗುವ ರೈಲಿನ ಸದ್ದು ಹತ್ತಿರವೇ ಇದ್ದಂತೆ ಬರುತ್ತದೆ. ರಾತ್ರಿ ಊರು ಸುಮ್ಮನಿರುತ್ತದೆ ಎಂಬುದು ಅರ್ಧ ಕಾರಣ ಮಾತ್ರ. ಬಿಸಿ ಗಾಳಿಯಲ್ಲಿ ದನಿ ಬೇಗ ಓಡುತ್ತದೆ: 15 ಡಿಗ್ರಿಯಲ್ಲಿ ಸೆಕೆಂಡಿಗೆ 340 ಮೀಟರ್, 40 ಡಿಗ್ರಿಯಲ್ಲಿ 355. ಹಗಲು ಕರಿ ನೆಲ ಕಾದು ನೆಲಕ್ಕೆ ಹತ್ತಿದ ಗಾಳಿ ಬಿಸಿಯಾಗಿರುತ್ತದೆ, ಮೇಲಿನದು ತಂಪು. ಅಲೆಯ ಕೆಳಭಾಗ ಮುಂದೋಡಿ ಇಡೀ ಅಲೆ ಆಕಾಶದ ಕಡೆಗೆ ಬಾಗುತ್ತದೆ. ದೂರ ನಿಂತವರ ತಲೆಯ ಮೇಲಿಂದ ಹೋಗಿಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ನೆಲ ಬೇಗ ಆರಿ ಕೆಳಗಿನ ಗಾಳಿ ತಣ್ಣಗಾಗುತ್ತದೆ, ಮೇಲಿನದು ಬೆಚ್ಚಗೆ ಉಳಿಯುತ್ತದೆ. ಆಗ ಅಲೆ ನೆಲದ ಕಡೆಗೇ ಬಾಗಿ ಮೈಲಿಗಟ್ಟಲೆ ಹರಿಯುತ್ತದೆ. ಬೆಳಗಿನ ಜಾವ ಪಕ್ಕದೂರಿನ ಗುಡಿಯ ಭಜನೆ ನಮ್ಮ ಅಂಗಳದಲ್ಲಿ ಕೇಳುವುದೂ ಇದೇ ಕಾರಣಕ್ಕೆ.

ಎರೆಮಣ್ಣು ತಾನೂ ದನಿಯನ್ನು ಬಲು ತಿನ್ನುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟ ಹೊಲ, ಹರಗಿ ಸಡಿಲಾದ ಹೊಲ, ಎರಡರ ಮೇಲೂ ಹಾದುಹೋಗುವ ದನಿ ಸಂದಿಗೊಂದಿಗಳಲ್ಲಿ ಇಳಿದು ತಿಕ್ಕಾಡಿ ಕಾವಾಗಿ ಕರಗುತ್ತದೆ. ಒಣಗಿದ ಸಡಿಲ ಮಣ್ಣಿನಲ್ಲಿ ದನಿ ಗಾಳಿಗಿಂತಲೂ ನಿಧಾನವಾಗಿ ಹೋಗಬಹುದು ಎಂದರೆ ನಂಬುವುದು ಕಷ್ಟ. ಹೆಂಟೆ ಹೆಂಟೆಗಳು ಅಲ್ಲಲ್ಲಿ ಮಾತ್ರ ತಾಗಿಕೊಂಡಿರುವುದರಿಂದ ನೂಕು ದಾಟಲು ದಾರಿ ಸಿಗುವುದಿಲ್ಲ. ಮಳೆ ಬಿದ್ದು ಸಂದಿಗಳಲ್ಲಿ ನೀರು ತುಂಬಿ ಮಣ್ಣು ಕೂತ ಮೇಲೆ ಅದೇ ಹೊಲದಲ್ಲಿ ವೇಗ ಎಷ್ಟೋ ಪಟ್ಟು ಏರುತ್ತದೆ.

ರಾತ್ರಿ ನೀರು ಹಾಯಿಸಲು ಹೋಗುವ ರೈತ ಕೈಯಲ್ಲಿನ ಬಡಿಗೆಯನ್ನು ನೆಲಕ್ಕೆ ಕುಟ್ಟುತ್ತ ನಡೆಯುತ್ತಾನೆ. ಹಾವಿಗೆ ಹೊರಗಿವಿ ಇಲ್ಲ, ಒಳಗಿವಿ ಇದೆ. ಅದು ದವಡೆಯ ಎಲುಬಿಗೆ ಜೋಡಿಸಿಕೊಂಡಿದೆ. ನೆಲಕ್ಕೆ ಆನಿಸಿದ ದವಡೆ ನೆಲದ ನಡುಕವನ್ನು ಹಿಡಿದು ಒಳಗೆ ದಾಟಿಸುತ್ತದೆ. ಬಾಯಿಂದ ಹಾಕುವ ಕೂಗಿಗಿಂತ ಬಡಿಗೆಯ ಕುಟ್ಟು ಹಾವಿಗೆ ಚೆನ್ನಾಗಿ ಮುಟ್ಟುವುದು ಹೀಗೆ. ಹಳೆಯ ಹಗೇವುಗಳ ಮಾತೂ ಇಲ್ಲಿಯೇ ಬರುತ್ತದೆ. ಜೋಳ ತುಂಬಿಡುತ್ತಿದ್ದ ಆ ನೆಲದೊಳಗಿನ ಕಣಜಗಳ ಮೇಲೆ ನಡೆದರೆ ಹೆಜ್ಜೆಯ ದನಿ ಬೇರೆ. ತುಂಬಿದ ನೆಲ ಕುಟ್ಟನ್ನು ನುಂಗಿಕೊಳ್ಳುತ್ತದೆ. ಒಳಗೆ ಟೊಳ್ಳಿದ್ದರೆ ಮೇಲಿನ ಪದರ ಡೊಳ್ಳಿನ ಚರ್ಮವಾಗಿ ಗುಂಯ್ ಎನ್ನುತ್ತದೆ. ಬಳಕೆ ತಪ್ಪಿ ಮರೆತುಹೋದ ಹಗೇವಿನ ಮೇಲೆ ಟ್ರ್ಯಾಕ್ಟರ್ ಹಾಯಿಸುವ ಮೊದಲು ಹಿರಿಯರೊಬ್ಬರು ಸಲಿಕೆಯ ಹಿಡಿಯಿಂದ ಕುಟ್ಟಿ ನೋಡಿ ಎಂದರೆ ಅದನ್ನು ಕೇಳಬೇಕು.

ಈ ಮಣ್ಣಿನ ಕೆಳಗೆ ಕಲ್ಲಿದೆ, ಭೂವಿಜ್ಞಾನಿಗಳು ಧಾರವಾಡದ ಹೆಸರಿಟ್ಟು ಕರೆಯುವ ಬಲು ಹಳೆಯ ಕಲ್ಲು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷವಿದ್ದಾಗ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಅಲ್ಲಿಂದ ನವಲಗುಂದಕ್ಕೆ ನೇರ ದಾರಿಯಲ್ಲಿ ಸುಮಾರು 300 ಕಿಲೋಮೀಟರ್. ಭೂಕಂಪದ ಮೊದಲ ಅಲೆಯೂ ದನಿಯ ಜಾತಿಯದೇ. ಕಲ್ಲಿನಲ್ಲಿ ಅದು ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಎಂದರೆ ಒಂದು ನಿಮಿಷದೊಳಗೆ ಆ ನಡುಕ ಇಲ್ಲಿಯ ನೆಲಕ್ಕೆ ಮುಟ್ಟಿತು. ಅದೇ ಸುದ್ದಿ ಗಾಳಿಯಲ್ಲಿ ದನಿಯಾಗಿ ಬರಬೇಕಿದ್ದರೆ ಕಾಲು ಗಂಟೆ ಬೇಕಾಗುತ್ತಿತ್ತು.

ಕಲಘಟಗಿಗೆ ಬಂದರೆ ಮಣ್ಣು ಬದಲಾಗಿ ಮಲೆನಾಡಿನ ಸೆರಗು ಕಾಣುತ್ತದೆ. ಅಲ್ಲಿ ಮರದ್ದೇ ಮಾತು. ಕಲಘಟಗಿಯ ಬಣ್ಣದ ತೊಟ್ಟಿಲನ್ನು ಅರಿಯದ ಮನೆ ಉತ್ತರ ಕರ್ನಾಟಕದಲ್ಲಿ ಕಡಿಮೆ. ಸಾಗವಾನಿಯ ಹಲಗೆ, ಅದರ ಮೇಲೆ ಅರಗಿನ ಬಣ್ಣ, ಕೃಷ್ಣನ ಬಾಲಲೀಲೆ, ರಾಮಾಯಣದ ಚಿತ್ರ. ಈ ತೊಟ್ಟಿಲಿನ ಒಂದು ಪಟ್ಟಿಯ ತುದಿಗೆ ಕಿವಿ ಹಚ್ಚಿ, ಇನ್ನೊಂದು ತುದಿಯಲ್ಲಿ ಯಾರನ್ನಾದರೂ ಉಗುರಿನಿಂದ ಮೆಲ್ಲಗೆ ಕೆರೆಯಲು ಹೇಳಿ. ಗಾಳಿಯಲ್ಲಿ ಕೇಳದ ಕೆರೆತ ಮರದಲ್ಲಿ ಸ್ಪಷ್ಟವಾಗಿ ಬರುತ್ತದೆ. ಎಳೆಯ ಗುಂಟ ಮರ ದನಿಯನ್ನು ಗಾಳಿಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಒಯ್ಯುತ್ತದೆ. ಎಳೆಗೆ ಅಡ್ಡಲಾಗಿ ಹೋದರೆ ಆ ವೇಗ ಮೂರನೇ ಒಂದು ಪಾಲಿಗೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಪ್ಯಾರಿಸ್ಸಿನ ವೈದ್ಯ ಲೆನೆಕ್ 1816ರಲ್ಲಿ ರೋಗಿಯ ಎದೆ ಆಲಿಸಲು ಕಾಗದದ ಸುರುಳಿ ಹಿಡಿದು, ಆಮೇಲೆ ಮರದ ಕೊಳವೆ ಮಾಡಿಕೊಂಡಾಗ ಅವನಿಗೆ ನೆನಪಾದದ್ದು ಈ ಸಂಗತಿಯೇ: ಮರದ ದಿಮ್ಮಿಯ ಒಂದು ತುದಿಯಲ್ಲಿ ಸೂಜಿಯಿಂದ ಗೀರಿದರೆ ಇನ್ನೊಂದು ತುದಿಗೆ ಕಿವಿ ಕೊಟ್ಟವನಿಗೆ ಕೇಳುತ್ತದೆ.

ಆ ತೊಟ್ಟಿಲಲ್ಲಿ ಮಲಗುವ ಕೂಸು ದನಿ ಕೇಳುವುದನ್ನು ಹುಟ್ಟಿದ ಮೇಲೆ ಕಲಿಯುವುದಲ್ಲ. ಬಸಿರಿನ ಕೊನೆಯ ತಿಂಗಳುಗಳಲ್ಲಿ ತಾಯಿಯ ದನಿ ಅವಳ ಎಲುಬು, ಮಾಂಸ, ಗರ್ಭದ ನೀರಿನ ಮೂಲಕ ಮಗುವಿಗೆ ಮುಟ್ಟುತ್ತಿರುತ್ತದೆ. ತೀಕ್ಷ್ಣ ಅಕ್ಷರಗಳು ದಾರಿಯಲ್ಲಿ ಸೋರಿಹೋಗಿ ದನಿಯ ಏರಿಳಿತ, ಲಯ ಉಳಿಯುತ್ತವೆ. ಹುಟ್ಟಿ ಮೂರು ದಿನವೂ ಆಗದ ಶಿಶುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನು ಬಯಸುತ್ತವೆ ಎಂದು 1980ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ತೋರಿಸಿದರು. ಜೋಗುಳ ಹಾಡುವ ನಮ್ಮ ಅವ್ವಂದಿರಿಗೆ ಇದೇನೂ ಹೊಸದಾಗಿ ಕಾಣದು.

ಅಣ್ಣಿಗೇರಿಯ ಅಮೃತೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, 11ನೇ ಶತಮಾನದ ನಡುವಿನದು. ಮರಳುಗಲ್ಲಿನಿಂದ ಬಳಪದ ಕಲ್ಲಿಗೆ ಹೊರಳಿದ ಮೊದಲ ಗುಡಿಗಳಲ್ಲಿ ಒಂದು, ಕಂಬಗಳು 76. ಶಿಲ್ಪಿಗಳು ಕಲ್ಲನ್ನು ಕಣ್ಣಿನಿಂದ ನೋಡಿದಷ್ಟೇ ಉಳಿಯಿಂದ ತಟ್ಟಿ ಕಿವಿಯಿಂದಲೂ ಪರೀಕ್ಷಿಸುತ್ತಿದ್ದರು. ಗಂಟೆಯಂತೆ ದನಿ ಕೊಡುವುದನ್ನು ಗಂಡು ಕಲ್ಲು ಎಂದು ಶಿಲ್ಪಶಾಸ್ತ್ರ ವಿಂಗಡಿಸಿತ್ತು. ಒಳಗೆ ಸಣ್ಣ ಬಿರುಕಿದ್ದರೆ ದನಿ ಅಲ್ಲಿ ಗಾಳಿಯ ಗಡಿ ದಾಟಲಾರದೆ ಮರಳಿ, ಕಲ್ಲು ಬೊದ್ದು ಸದ್ದು ಮಾಡುತ್ತದೆ. ಹೊಸ ಗಡಿಗೆ ಕೊಳ್ಳುವಾಗ ನಾವು ಬೆರಳು ಮಡಚಿ ಬಾರಿಸಿ ನೋಡುವುದೂ ಇದನ್ನೇ. ಹಲಗಿಯವರದು ಇನ್ನೊಂದು ಲೆಕ್ಕ. ಹೋಳಿ ಹುಣ್ಣಿವೆಯ ಹೊತ್ತಿಗೆ, ನವಲಗುಂದದ ರಾಮಲಿಂಗ ಕಾಮಣ್ಣನ ಮುಂದೆ ಜನ ಸೇರುವ ದಿನಗಳಲ್ಲಿ, ಹಲಗಿಯನ್ನು ಕೈಗೆತ್ತಿಕೊಳ್ಳುವ ಮೊದಲು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ತೇವ ಆರಿ ಚರ್ಮ ಬಿಗಿದರೆ ಅಲೆ ಅದರ ಮೇಲೆ ಬೇಗ ಓಡುತ್ತದೆ, ದನಿ ಏರುತ್ತದೆ.

ಇಷ್ಟೆಲ್ಲ ಬಲ್ಲ ನಾಡು ಈಗ ಮನೆ, ಶಾಲೆ ಕಟ್ಟುವಾಗ ಮಾತ್ರ ಕಿವಿಯನ್ನು ಮರೆತಿದೆ. ನನ್ನ ಸಂಕಟ ಇರುವುದು ಇಲ್ಲಿ.

ಹಳೆಯ ಮಾಳಿಗೆ ಮನೆ ಹೇಗಿತ್ತು? ಮೊಳದಗಲದ ಮಣ್ಣಿನ ಗೋಡೆ, ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ಗೇಣುಗಟ್ಟಲೆ ಮೇಲ್ಮಣ್ಣು. ಎಂಥ ಮಳೆ ಹೊಡೆದರೂ ಒಳಗೆ ಮಲಗಿದವರಿಗೆ ಎಚ್ಚರವಾಗುತ್ತಿರಲಿಲ್ಲ. ಭಾರದ ಪದರವನ್ನು ಅಲುಗಿಸಲು ದನಿಗೆ ಶಕ್ತಿ ಸಾಲದು, ಅಲುಗಿಸಿದ್ದೂ ಮಣ್ಣಿನ ಕಣಗಳ ತಿಕ್ಕಾಟದಲ್ಲಿ ಆರಿಹೋಗುತ್ತದೆ. ಆ ಜಾಗಕ್ಕೆ ತಗಡು ಬಂತು. ಒಂದು ಮಿಲಿಮೀಟರಿಗೂ ತೆಳ್ಳಗಿನ ಬಿಗಿ ಹಾಳೆ, ಪ್ರತಿ ಹನಿಗೂ ಹಲಗಿಯ ಹಾಗೆ ಮಿಡಿಯುತ್ತದೆ. ಮುಂಗಾರಿನ ಮಳೆ ಜೋರಾದರೆ ತಗಡಿನ ಶೆಡ್ಡಿನ ಶಾಲೆಯಲ್ಲಿ ಪಾಠ ನಿಲ್ಲುತ್ತದೆ. ಅಕ್ಕೋರು ಫಲಕದ ಮೇಲೆ ಬರೆದು ತೋರಿಸುತ್ತಾರೆ. ಹಿಂದಿನ ಸಾಲಿನ ಮಕ್ಕಳು ನೋಡಿ ಬರೆದುಕೊಳ್ಳುತ್ತಾರೆ. ಒಂದು ಕಿವಿ ಮಂದವಾದ ಮಗು ಇದ್ದರೆ ಅದರ ಗತಿ ಏನೆಂದು ಯಾರೂ ಕೇಳುವುದಿಲ್ಲ.

ಸಮುದಾಯ ಭವನಗಳದು ಬೇರೆ ಗೋಳು. ಕಾಂಕ್ರೀಟ್ ಸ್ಲ್ಯಾಬು, ಸಿಮೆಂಟ್ ಗಿಲಾಯಿ, ಟೈಲ್ಸಿನ ನೆಲ. ಈ ಮೂರೂ ಬಿದ್ದ ದನಿಯ ನೂರರಲ್ಲಿ ಎರಡು ಮೂರು ಪಾಲನ್ನು ಮಾತ್ರ ಹೀರಿ ಉಳಿದುದನ್ನು ಮರಳಿಸುತ್ತವೆ. 20 ಮೀಟರ್ ಉದ್ದ, 12 ಮೀಟರ್ ಅಗಲ, 5 ಮೀಟರ್ ಎತ್ತರದ ಭವನವೊಂದರ ಲೆಕ್ಕ ಹಾಕಿ ನೋಡಿದೆ. ಕಿಟಕಿ ಬಾಗಿಲುಗಳೆಲ್ಲ ಸೇರಿ 30 ಚದರ ಮೀಟರ್ ತೆರೆದಿವೆ ಎಂದುಕೊಂಡರೂ ಖಾಲಿ ಭವನದಲ್ಲಿ ಒಂದು ಸದ್ದು ಪೂರ್ತಿ ಆರಲು ಮೂರೂವರೆ ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಸೆಕೆಂಡಿಗೆ ನಾಲ್ಕೈದು ಅಕ್ಷರ ಮಾತಾಡುವ ನಮ್ಮ ಭಾಷಣಕಾರರ ಹಿಂದಿನ ಹತ್ತಕ್ಕೂ ಹೆಚ್ಚು ಅಕ್ಷರಗಳು ಮುಂದಿನದರ ಮೇಲೆ ಬೀಳುತ್ತಿರುತ್ತವೆ. ಮೈಕಿನ ದನಿ ಏರಿಸಿದರೆ ಆ ಮುದ್ದೆಯೇ ದೊಡ್ಡದಾಗುತ್ತದೆ, ಮಾತು ಬಿಡಿಸಿಕೊಳ್ಳುವುದಿಲ್ಲ. ಇನ್ನೂರು ಜನ ಬಂದು ಕೂತರೆ ಅದೇ ಸಮಯ ಒಂದೂವರೆ ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಜನರ ಬಟ್ಟೆ, ಮೈ ದನಿಯನ್ನು ಹೀರುವುದರಲ್ಲಿ ಬಲು ಗಟ್ಟಿ.

ಈ ಲೆಕ್ಕವನ್ನು ಜಗತ್ತಿಗೆ ಕೊಟ್ಟವರು ಹಾರ್ವರ್ಡಿನ ಯುವ ಅಧ್ಯಾಪಕ ವಾಲೇಸ್ ಸೇಬಿನ್. 1895ರಲ್ಲಿ ಅಲ್ಲಿಯ ಹೊಸ ಉಪನ್ಯಾಸ ಮಂದಿರದಲ್ಲಿ ಮಾತು ತಿಳಿಯದೆ ಹೋದಾಗ ಸರಿಪಡಿಸುವ ಕೆಲಸ ಅವರಿಗೆ ಬಂತು. ಪಕ್ಕದ ನಾಟಕ ಮಂದಿರದ ಆಸನದ ದಿಂಬುಗಳನ್ನು ರಾತ್ರಿ ಹೊತ್ತು ತಂದು, ಸಾಲು ಸಾಲಾಗಿ ಹಾಸಿ, ಸದ್ದು ಆರುವ ಸಮಯ ಅಳೆದು, ಬೆಳಗಾಗುವುದರೊಳಗೆ ಮರಳಿ ಒಯ್ದಿಟ್ಟು ಅವರು ಸೂತ್ರ ಕಂಡುಕೊಂಡರು. ನಮ್ಮಲ್ಲಿ ದಿಂಬು ಬೇಕಿಲ್ಲ, ನವಲಗುಂದದ ಜಮಖಾನವಿದೆ. ನಿಲುವು ಮಗ್ಗದ ಮುಂದೆ ಕೂತು ಹೆಣ್ಣುಮಕ್ಕಳು ಹತ್ತಿ ನೂಲಿನಲ್ಲಿ ನವಿಲು, ಪಗಡೆಯ ಹಾಸು ಮೂಡಿಸಿ ನೇಯುವ, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಜಮಖಾನ. ನೂಲಿನ ಸಂದಿಯಲ್ಲಿ ಗಾಳಿ ಹಿಂದೆ ಮುಂದೆ ಓಡಾಡಿ ದನಿ ಕಾವಾಗಿ ಕರಗುತ್ತದೆ, ಮುಖ್ಯವಾಗಿ ತೀಕ್ಷ್ಣ ಸದ್ದುಗಳು. ಅದನ್ನು ಗೋಡೆಗೆ ಅಂಟಿಸಿ ಹೊಡೆಯುವುದಕ್ಕಿಂತ ನಾಲ್ಕು ಬೆರಳು ಮುಂದೆ ತೂಗುಬಿಟ್ಟರೆ ಇನ್ನೂ ಹೆಚ್ಚು ಹೀರುತ್ತದೆ. ಗೋಡೆಗೆ ಹತ್ತಿದ ಗಾಳಿಯ ಕಣ ಅಲುಗುವುದಿಲ್ಲ, ಗೋಡೆಯಿಂದ ದೂರವಿದ್ದದ್ದು ಅಲುಗುತ್ತದೆ. ಜಮಖಾನ ನೇಯುವವರು ಈಗ ಕೆಲವೇ ಮಂದಿ ಉಳಿದಿದ್ದಾರೆ. ಧಾರವಾಡ ಜಿಲ್ಲೆಯ ಭವನಗಳ ಗೋಡೆಗೆ ಅವರ ಕೆಲಸ ಏರಿದರೆ ಊಟಕ್ಕೂ ದಾರಿಯಾಗುತ್ತದೆ, ಮಾತಿಗೂ ದಾರಿಯಾಗುತ್ತದೆ.

ಆದ್ದರಿಂದ ಗ್ರಾಮ ಪಂಚಾಯತಿಯವರಲ್ಲಿ, ಶಾಲಾಭಿವೃದ್ಧಿ ಸಮಿತಿಯವರಲ್ಲಿ, ಎಂಜಿನಿಯರುಗಳಲ್ಲಿ ಒಂದು ಕೇಳಿಕೆ. ತಗಡು ಹಾಕುವುದು ಅನಿವಾರ್ಯವಾದರೆ ಅದರ ಕೆಳಗೆ ಒಂದು ಗೇಣು ಬಿಟ್ಟು, ಬೆಂಕಿ ಹಿಡಿಯದ ಹಲಗೆಯ ಒಳಮಾಡನ್ನೂ ಅಂದಾಜುಪಟ್ಟಿಯಲ್ಲಿ ಸೇರಿಸಿ. ಭವನ ಕಟ್ಟಿದರೆ ಒಂದು ಗೋಡೆಯನ್ನಾದರೂ ದನಿ ಹೀರುವ ಹಾಗೆ ಬಿಡಿ. ಗುತ್ತಿಗೆದಾರರ ಕೊನೆಯ ಬಿಲ್ಲಿಗೆ ಸಹಿ ಹಾಕುವ ಮೊದಲು ಖಾಲಿ ಕೋಣೆಯ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ. ಚಪ್ಪಾಳೆಯ ದನಿ ಕೂಡಲೇ ಆರದಿದ್ದರೆ ಆ ಕೋಣೆಯಲ್ಲಿ ಮಕ್ಕಳನ್ನು ಕೂರಿಸಬೇಡಿ, ಮೊದಲು ಅದನ್ನು ಸರಿಮಾಡಿಸಿ.